ಬೀಗ ಹಾಕಿದವರೇ ತೆಗೆಯಬೇಕು

ಐಸಿಯು ಬಾಗಿಲ ಹೊರಗೆ ಸ್ಟೀಲ್ ಕುರ್ಚಿಗಳ ಸಾಲಿನಲ್ಲಿ, ತೊಡೆಯ ಮೇಲೆ ಫೈಲು ಇಟ್ಟುಕೊಂಡು ಕೂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಒಳಗೆ ಮಲಗಿದ್ದವಳು. ಹೊರಗೆ ಕೂತವರು ಏನನ್ನು ಹೊತ್ತು ಕೂತಿರುತ್ತಾರೆ ಎಂಬುದು ನನಗೆ ತೀರಾ ತಡವಾಗಿ, ನನ್ನ ತಮ್ಮನ ಬಾಯಿಂದ ಗೊತ್ತಾಯಿತು. ಮೊದಲೇ ಗೊತ್ತಿದ್ದರೆ ಅವನ ಮೇಲೆ ಅಷ್ಟು ದಿನ ಮುನಿಸಿಕೊಳ್ಳುತ್ತಿರಲಿಲ್ಲ.

ನನ್ನ ಹೆಸರು ಗಂಗಲಕ್ಷ್ಮಿ. ಮಾಕಳಿಯಲ್ಲಿ ಹುಟ್ಟಿ, ಮದುವೆಯಾಗಿ ರಾಜಗೋಪಾಲನಗರಕ್ಕೆ ಬಂದೆ. ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ, ಅಂದರೆ ತಗಡು ಒತ್ತಿ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ, ಸೂಪರ್‌ವೈಸರ್ ಆಗಿದ್ದೆ. ಗಂಡ ಸಿದ್ದರಾಜು ಸ್ಕೂಲ್ ವ್ಯಾನ್ ಓಡಿಸುತ್ತಾರೆ. ನಮಗೆ ಮಕ್ಕಳಿಲ್ಲ. ಅಮ್ಮ ತೀರಿಕೊಂಡಾಗ ಇನ್ನೂ ಸರಿಯಾಗಿ ನಡೆಯಲೂ ಬಾರದಿದ್ದ ತಮ್ಮ ನಾಗರಾಜನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಅವನಿಗೆ ನಮ್ಮ ಶಾಪಿನಲ್ಲೇ ಮೇಂಟೆನೆನ್ಸ್ ಕೆಲಸ ಕೊಡಿಸಿದವಳೂ ನಾನೇ. ನನ್ನ ಬಾಯಿ ಜೋರು. ಪ್ರೆಸ್ ಮಷೀನುಗಳ ಸದ್ದಿನ ಮೇಲೆ ಕೇಳಿಸಬೇಕಾದ ಬಾಯಿ, ಮನೆಗೆ ಬಂದ ಮೇಲೂ ಸಣ್ಣದಾಗುತ್ತಿರಲಿಲ್ಲ. "ನಿನ್ನ ಬಾಯಿಗೊಂದು ಸ್ವಿಚ್ಚಿಲ್ವೇನೇ?" ಎಂದು ಇವರು ಕೇಳುತ್ತಿದ್ದರು. ಸ್ವಿಚ್ಚು ಇತ್ತು ಎಂದು ಆಮೇಲೆ ಗೊತ್ತಾಯಿತು.

ನಮ್ಮ ಶಾಪಿನ ಒಂದು ಪದ್ಧತಿಯನ್ನು ಮೊದಲು ಹೇಳಿಬಿಡುತ್ತೇನೆ, ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ಪ್ರೆಸ್ಸಿನ ಒಳಗೆ ಕೈ ಹಾಕಿ ರಿಪೇರಿ ಮಾಡುವವನು ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಅದಕ್ಕೆ ತನ್ನದೇ ಬೀಗ ಹಾಕಿ, ತನ್ನ ಹೆಸರಿನ ಕೆಂಪು ಚೀಟಿ ನೇತುಹಾಕಬೇಕು. ಬೀಗದ ಕೈ ಅವನ ಜೇಬಿನಲ್ಲೇ ಇರಬೇಕು. ಕೆಲಸ ಮುಗಿದ ಮೇಲೆ ಅವನೇ ತೆಗೆಯಬೇಕು. ಮಾಲೀಕರೇ ಬಂದು ನಿಂತರೂ ಬೇರೆಯವರು ಅದನ್ನು ಮುಟ್ಟುವಂತಿಲ್ಲ.

ಮೊದಲು ನಮ್ಮಲ್ಲಿ ಬೀಗ ಇರಲಿಲ್ಲ, ಬರೀ ಚೀಟಿ ಇತ್ತು. ನಾಗ ಒಳಗೆ ಕೈ ಹಾಕಿದ್ದಾಗ ಒಬ್ಬ ಶಿಫ್ಟ್ ಇನ್‌ಚಾರ್ಜ್, ಹೋದ ಶಿಫ್ಟಿನವರು ಮರೆತು ಬಿಟ್ಟಿದ್ದು ಅಂದುಕೊಂಡು ಅವನ ಚೀಟಿ ತೆಗೆದು ಸ್ವಿಚ್ ಹಾಕಿದ. ನಾಗನ ಎಡಗೈಯ ಎರಡು ಬೆರಳು ಹೋದವು. ಬೀಗ ಬಂದದ್ದು ಅದಾದ ಮೇಲೆ. ಮೂರು ಸಲ ಕೂಗುವ ರೂಲು ಮಾತ್ರ ನಾನೇ ತಂದದ್ದು. ಕರೆಂಟ್ ಕೊಡುವ ಮುಂಚೆ ಬೀಗ ಹಾಕಿದವನ ಹೆಸರು ಹಿಡಿದು ಮೂರು ಸಲ ಕೇಳಬೇಕು, ಅವನು ಮೂರು ಸಲವೂ ಉತ್ತರ ಕೊಡಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವರ ಮುಂದೆ ನಾಗನನ್ನು ನಿಲ್ಲಿಸಿ, ಅವನ ಕೈ ಮೇಲೆತ್ತಿಸಿ ನಾನು ಪಾಠ ಹೇಳುತ್ತಿದ್ದೆ: "ಒಂದ್ಸಲ ಕೂಗಿದ್ರೆ ಮಷೀನಿಗೆ ಕೇಳುತ್ತೆ. ಎರಡ್ಸಲ ಕೂಗಿದ್ರೆ ಪಕ್ಕದೋನಿಗೆ ಕೇಳುತ್ತೆ. ಮೂರನೇ ಸಲಕ್ಕೇ ಒಳಗಿರೋನಿಗೆ ಕೇಳೋದು. ತಿಳೀತಾ?"

ಇನ್ನು ನಾನು ಬರೆಸಿಟ್ಟ ಒಂದು ಪತ್ರದ ಮಾತು. ನಮ್ಮ ಅತ್ತೆ, ಅಂದರೆ ಇವರ ತಾಯಿ, ಕ್ಯಾನ್ಸರಿನಿಂದ ತೀರಿಕೊಂಡರು. ಮೈಯೆಲ್ಲ ಹರಡಿಬಿಟ್ಟಿದೆ, ಇನ್ನು ಏನೂ ಮಾಡುವಂತಿಲ್ಲ ಎಂದು ಡಾಕ್ಟರೇ ಹೇಳಿದ್ದರು. ಆದರೂ ಉಸಿರು ಎಳೆಯತೊಡಗಿದಾಗ ವೆಂಟಿಲೇಟರ್ ಹಾಕಲೇ ಎಂದು ಕೇಳಿದರು, ನಮ್ಮಲ್ಲಿ ಯಾರಿಗೂ ಬೇಡ ಎನ್ನುವ ಧೈರ್ಯ ಬರಲಿಲ್ಲ. "ಹೆತ್ತ ತಾಯಿಗೆ ಹಾಕಿಸ್ಲಿಲ್ಲ ಅಂದ್ರೆ ನಾಳೆ ಜನ ಮುಖಕ್ಕೆ ಉಗೀತಾರೆ" ಎಂದು ಇವರ ಅಣ್ಣ ಅಂದರು. ಅತ್ತೆ ಕೊಳವೆ ಕಿತ್ತುಕೊಳ್ಳುತ್ತಾರೆ ಎಂದು ಅವರ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದರು. ಹಿಟ್ಟು ನಾದಿ ನಾದಿ ಗಟ್ಟಿಯಾದ ಕೈಗಳವು. ನನ್ನನ್ನು ನೋಡಿ ಆ ಮಣಿಕಟ್ಟು ಅಲ್ಲಾಡಿಸುತ್ತಿದ್ದರು, ಬಿಚ್ಚು ಎಂದು. ನಾನು ಬಿಚ್ಚಲಿಲ್ಲ. ಹಾಗೇ ಹೋದರು.

ತಿಥಿ ಮುಗಿದ ಮೇಲೆ, ನಮ್ಮ ಕಾರ್ಖಾನೆಯ ಆರೋಗ್ಯ ಶಿಬಿರಕ್ಕೆ ಬಂದಿದ್ದ ಡಾಕ್ಟರೊಬ್ಬರು ಲಿವಿಂಗ್ ವಿಲ್ ಬಗ್ಗೆ ಮಾತಾಡಿದರು. ಕೊನೆಗಾಲದಲ್ಲಿ ನಮಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಬುದ್ಧಿ ನೆಟ್ಟಗಿರುವಾಗಲೇ ಬರೆದಿಡಬಹುದು, ಅದಕ್ಕೆ ಕಾನೂನಿನ ಒಪ್ಪಿಗೆಯೂ ಇದೆ ಎಂದರು. ಆ ವಾರವೇ ನಾಗನನ್ನು ಕರೆದುಕೊಂಡು ನೋಟರಿ ಹತ್ತಿರ ಹೋದೆ. ಅಲ್ಲಿ ಟೈಪ್ ಮಾಡುವ ಹುಡುಗಿ ಮಾದರಿ ಪತ್ರವೊಂದನ್ನು ತೋರಿಸಿದಳು. 'ಗುಣವಾಗುವ ಆಸೆ ಇಲ್ಲದ ಕಾಯಿಲೆಯ ಕೊನೆಯ ಹಂತದಲ್ಲಿ' ಎಂದು ಅದರಲ್ಲಿತ್ತು. ನಾನು ಪೆನ್ನು ಇಸಿದುಕೊಂಡು ಅದನ್ನು ಹೊಡೆದುಹಾಕಿದೆ.

"ಮೇಡಂ, ಅದು ಇರ್ಲಿ. ಅದೇ ಮುಖ್ಯ" ಎಂದಳು ಹುಡುಗಿ.

"ಆಸೆ ಇದೆ ಅಂತ ಎಲ್ಲಾ ಡಾಕ್ಟ್ರೂ ಹೇಳ್ತಾರಮ್ಮ. ಆ ಸಂದು ಬಿಟ್ರೆ ಅಲ್ಲಿಂದ್ಲೇ ಪೈಪು ತೂರಿಸ್ತಾರೆ. 'ಯಾವ ಪರಿಸ್ಥಿತಿಯಲ್ಲೂ ನನ್ನನ್ನು ವೆಂಟಿಲೇಟರಿಗೆ ಹಾಕಬಾರದು' ಅಂತ ಟೈಪ್ ಹೊಡಿ."

ಹೊಡೆದಳು. ಇಬ್ಬರು ಸಾಕ್ಷಿ ಹಾಕಿದರು, ನೋಟರಿ ಮೊಹರು ಒತ್ತಿದರು. ನನ್ನ ಪರವಾಗಿ ನಿರ್ಧಾರ ಹೇಳುವವರು ಯಾರು ಎಂಬ ಜಾಗದಲ್ಲಿ ಗಂಡನ ಹೆಸರು ಬರೆಸಲಿಲ್ಲ. ಇವರು ಸ್ಕೂಲ್ ಮಕ್ಕಳು ಬಿದ್ದು ಮಂಡಿ ತರಚಿಕೊಂಡರೂ ಅಳುವ ಮನುಷ್ಯ. ನಾಗನ ಹೆಸರು ಬರೆಸಿದೆ. ಪತ್ರವನ್ನು ಅವನ ಕೈಗೆ ಕೊಡುವಾಗ ನಾನು ಆಡಿದ ಮಾತು ಇದು: "ಇದು ನಾನು ಹಾಕಿರೋ ಬೀಗ ಕಣೋ. ಯಾರು ಅತ್ರೂ ಕರೆದ್ರೂ ನೀನು ತೆಗೀಬಾರ್ದು." ನಾಗ ತನ್ನ ಎಡಗೈ ನೋಡಿಕೊಂಡು, "ನಂಗೆ ಹೇಳ್ಬೇಕಾ ಅಕ್ಕ?" ಎಂದ.

ಕಾಯಿಲೆ ಬಂದದ್ದು ಭೇದಿಯ ಹಿಂದೆ ಹಿಂದೆಯೇ. ಹೊಟ್ಟೆ ಕೆಟ್ಟಿತ್ತು, ಸರಿಹೋಯಿತು. ಆಮೇಲೆ ಪಾದ ಜುಮ್ಮೆನ್ನತೊಡಗಿತು. ನಡೆಯುವಾಗ ಚಪ್ಪಲಿ ಕಳಚಿ ಹಿಂದೆ ಉಳಿಯುತ್ತಿತ್ತು, ನನಗೆ ಗೊತ್ತೇ ಆಗುತ್ತಿರಲಿಲ್ಲ. "ಅಕ್ಕಾ, ನಿಮ್ ಚಪ್ಲಿ ಅಲ್ಲೈತೆ ನೋಡಿ" ಎಂದು ಶಾಪಿನ ಹುಡುಗರು ನಕ್ಕರು, ನಾನೂ ನಕ್ಕೆ. ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ನಿಶ್ಶಕ್ತಿ ಎಂದು ಗ್ಲೂಕೋಸ್ ಹಾಕಿ ಕಳಿಸಿದರು. ಮಾರನೆಯ ದಿನ ಬಚ್ಚಲಲ್ಲಿ ಚೊಂಬು ಎತ್ತಲಾಗಲಿಲ್ಲ. ಎದ್ದೇಳಲೂ ಆಗಲಿಲ್ಲ. ಬಚ್ಚಲ ನೆಲದಲ್ಲಿ ಕೂತು ಇವರನ್ನು ಕೂಗಿದೆ. ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಆಗಷ್ಟೇ ಬಂದಿದ್ದವರು ವ್ಯಾನಿನ ಉದ್ದ ಸೀಟಿನಲ್ಲಿ ನನ್ನನ್ನು ಮಲಗಿಸಿಕೊಂಡು ತುಮಕೂರು ರಸ್ತೆಯ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದೊಯ್ದರು. ಕಣ್ಣ ಮುಂದೆ ಯಾವುದೋ ಮಗುವಿನ ನೀರಿನ ಬಾಟಲಿ ಉರುಳಾಡುತ್ತಿತ್ತು.

ಬೆನ್ನುಹುರಿಯಿಂದ ನೀರು ತೆಗೆದರು, ಕೈಕಾಲಿಗೆ ಕರೆಂಟಿನ ಚುಚ್ಚು ಕೊಟ್ಟು ನೋಡಿದರು. ಜಿಬಿಎಸ್ ಎಂದರು. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿ ನರಗಳ ಮೇಲೆ ಬೀಳುತ್ತದಂತೆ. ಬಹಳ ಜನಕ್ಕೆ ವಾಸಿಯಾಗುತ್ತದೆ, ಆದರೆ ವಾಸಿಯಾಗುವ ಮುಂಚೆ ಎಲ್ಲಿಯವರೆಗೆ ಏರುತ್ತದೋ ಹೇಳಲಾಗುವುದಿಲ್ಲ ಎಂದರು. ಅದು ಏರಿತು. ಕಾಲಾಯಿತು, ಸೊಂಟವಾಯಿತು, ಕೈಯಾಯಿತು. ಅದರ ಜೊತೆಗೆ ನೋವು, ಮೂಳೆಯೊಳಗೆ ಯಾರೋ ಕಾದ ಸರಳು ಆಡಿಸುತ್ತಿರುವ ಹಾಗೆ. ಅಲ್ಲಾಡದ ಮೈಗೆ ನೋವೂ ಇರುವುದಿಲ್ಲ ಎಂದುಕೊಂಡಿದ್ದೆ. ಅದು ಸುಳ್ಳು.

ಐಸಿಯುನಲ್ಲಿ ನನ್ನನ್ನು ನೋಡಿಕೊಳ್ಳುತ್ತಿದ್ದವರು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಮೇಡಂ. ಬಂದಾಗಲೆಲ್ಲ ಒಂದೇ ಪರೀಕ್ಷೆ. "ಉಸಿರು ಎಳ್ಕೊಂಡು, ಬಿಡ್ದೇ ಎಣಿಸ್ತಾ ಹೋಗಿ ಅಮ್ಮ. ಎಲ್ಲೀವರೆಗೂ ಹೋಗುತ್ತೋ ನೋಡೋಣ." ಮೊದಲ ಸಲ ನಾನು ಎಣಿಸುತ್ತಾ ಹೋದದ್ದು ನೋಡಿ ಅವರೇ ಸಾಕು ಸಾಕು ಎಂದು ನಕ್ಕರು. ಆಮೇಲೆ ಪ್ರತಿ ಸಲವೂ ಎಣಿಕೆ ಇಳಿಯಿತು. ಮೇಡಂ ನಗುವುದನ್ನು ಬಿಟ್ಟರು. ನಾನು ಯಾರೂ ಇಲ್ಲದಾಗ ಒಳಗೊಳಗೇ ಎಣಿಸಿ ಅಭ್ಯಾಸ ಮಾಡುತ್ತಿದ್ದೆ, ಪರೀಕ್ಷೆಯಲ್ಲಿ ಪಾಸಾಗಬೇಕಾದವಳ ಹಾಗೆ. ಒಂದು ಬೆಳಿಗ್ಗೆ ಎಣಿಕೆ ನಾಲ್ಕಕ್ಕೇ ನಿಂತಿತು. ಹೊತ್ತು ಏರುವುದರೊಳಗೆ ಮುಖದ ಎರಡೂ ಕಡೆ ಸತ್ತುಹೋಯಿತು. ನಾಲಿಗೆ ಮರದ ತುಂಡಾಯಿತು. ಮಾತಾಡಲು ಹೋದರೆ ಗೊರಗೊರ ಎನ್ನುವ ಸದ್ದು ಮಾತ್ರ. ನನ್ನ ಬಾಯಿ ಬಿದ್ದುಹೋಗಿತ್ತು.

ಆಗ ಮೇಡಂ ಇವರನ್ನೂ ನಾಗನನ್ನೂ ಒಳಗೆ ಕರೆಸಿದರು. ನನ್ನ ಮಂಚದ ಪಕ್ಕ, ಹಸಿರು ಪರದೆಯ ಆಚೆ ನಿಂತು ಮಾತಾಡಿದರು. ಕಿವಿ ಕೇಳುವುದಿಲ್ಲ ಎಂದುಕೊಂಡರೋ ಏನೋ. ಇಡೀ ಮೈಯಲ್ಲಿ ಕೆಟ್ಟುಹೋಗದೆ ಉಳಿದದ್ದು ನನ್ನ ಕಿವಿ ಮತ್ತು ಕಣ್ಣು.

"ಉಸಿರಾಟ ಕಡಿಮೆಯಾಗ್ತಿದೆ. ಈಗ್ಲೇ ಟ್ಯೂಬ್ ಹಾಕಿ ವೆಂಟಿಲೇಟರಿಗೆ ಕನೆಕ್ಟ್ ಮಾಡ್ಬೇಕು. ಇದು ಸ್ವಲ್ಪ ಕಾಲಕ್ಕೆ. ನರ ಸುಧಾರಿಸಿದ ಮೇಲೆ ತೆಗೀಬಹುದು."

ಇವರು ಅಳುತ್ತಾ, "ಹಾಕಿ ಮೇಡಂ, ಹಾಕಿ" ಎಂದರು.

ಪ್ಲಾಸ್ಟಿಕ್ ಕವರಿನ ಸರಸರ ಸದ್ದು ಕೇಳಿತು. ನನಗೆ ಗೊತ್ತಾಗಿಹೋಯಿತು. ನಾಗ ಪತ್ರ ತೆಗೆಯುತ್ತಿದ್ದ.

"ಹಾಕಂಗಿಲ್ಲ ಮೇಡಂ. ಅಕ್ಕ ಬರ್ದು ಮಡಗವ್ಳೆ. ನೋಡಿ, ಯಾವ ಪರಿಸ್ಥಿತಿಯಲ್ಲೂ ಅಂತ."

ಮೇಡಂ ಓದಿದರು. ಅವರ ಧ್ವನಿ ಬದಲಾಯಿತು. "ಇಂಥ ಪತ್ರ ಇರೋದು ಗುಣ ಆಗ್ದೇ ಇರೋ ಕಾಯಿಲೆಗೆ. ಇದು ಗುಣ ಆಗೋ ಅಂಥದ್ದು."

"ಆ ಮಾತನ್ನ ಅಕ್ಕನೇ ಒಡೆದಾಕಿಸವ್ಳೆ. ನಾನು ಅಲ್ಲೇ ಇದ್ದೆ."

"ಲೋ ನಾಗ, ನಿನ್ನ ಕಾಲಿಗ್ ಬೀಳ್ತೀನಿ ಕಣೋ, ಆ ಪೇಪರ್ ಅರ್ದು ಹಾಕೋ" ಎಂದರು ಇವರು.

"ಭಾವ, ನಂಗೂ ಒಬ್ಳೇ ಅಕ್ಕ ಇರೋದು. ಆದ್ರೆ ಬೀಗ ಆಕಿದೋಳು ಅವ್ಳು. ಬೇರೇರು ತೆಗುದ್ರೆ ಏನಾಯ್ತದೆ ಅಂತ ನಂಗೊತ್ತು."

ಮೇಡಂ ದೊಡ್ಡ ಡಾಕ್ಟರಿಗೆ ಫೋನ್ ಮಾಡಲು ಆಚೆ ಹೋದರು. ಅವರು ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾರೆ ಎಂದು ಯಾರೋ ಹೇಳಿದರು. ನಾನು ಪರದೆಯ ಈಚೆ ಮಲಗಿ ಒಳಗೇ ಕಿರುಚುತ್ತಿದ್ದೆ. ತೆಗಿಯೋ ನಾಗ, ಬೀಗ ತೆಗಿಯೋ. ಅವತ್ತು ಹಾಕಿದವಳು ಬೇರೆ, ಇವತ್ತು ಮಲಗಿದವಳು ಬೇರೆ. ನನಗೆ ಬದುಕಬೇಕು. ಇಷ್ಟು ನಾಚಿಕೆಯಿಲ್ಲದೆ ಬದುಕಬೇಕು ಅನ್ನಿಸುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅತ್ತೆಯ ಕಟ್ಟಿದ ಕೈಗಳು ಕಣ್ಣ ಮುಂದೆ ಇದ್ದವು, ಆದರೂ ಬೇಕು ಅನ್ನಿಸಿತು. ಒಂದೊಂದು ಉಸಿರನ್ನೂ ಪಾತಾಳದ ಬಾವಿಯಿಂದ ಸೇದಿದ ಹಾಗೆ ಎಳೆಯುತ್ತಿದ್ದೆ, ಕೊಡ ಮೇಲೆ ಬರುವಷ್ಟರಲ್ಲಿ ಖಾಲಿ. ಅಳಬೇಕೆಂದರೆ ಅಳುವುದಕ್ಕೂ ಮುಖ ಬೇಕು. ಕಣ್ಣೀರು ಸುಮ್ಮನೆ ಕಿವಿಯೊಳಗೆ ಇಳಿಯಿತು.

ಮೇಡಂ ಓಡುತ್ತಾ ಬಂದು ಪರದೆ ಎಳೆದರು. "ಅವರಿಗೆ ಪ್ರಜ್ಞೆ ಇದೆಯಲ್ಲಾ! ಎಚ್ಚರ ಇರೋವರೆಗೂ ಪೇಪರ್ ಯಾಕೆ ನೋಡ್ಬೇಕು, ಅವರನ್ನೇ ಕೇಳಿ ಅಂದ್ರು ಸರ್ ಫೋನಲ್ಲಿ." ನನ್ನ ಮುಖದ ಮೇಲೆ ಬಗ್ಗಿದರು. "ಅಮ್ಮ, ಕೇಳಿಸ್ತಿದೆಯಾ? ಟ್ಯೂಬ್ ಬೇಕು ಅಂದ್ರೆ ಕಣ್ಣು ಮೇಲೆ ಮಾಡಿ. ಬೇಡ ಅಂದ್ರೆ ಕೆಳಗೆ ನೋಡಿ."

ನಾನು ಮೇಲೆ ನೋಡಿದೆ. ಸೀಲಿಂಗಿನಲ್ಲಿ ಒಂದು ಕಂದು ಕಲೆ ಇತ್ತು. ಈಗಲೂ ಅದನ್ನು ಬಿಡಿಸಿ ತೋರಿಸಬಲ್ಲೆ.

"ಸಾಕು, ಹೇಳಿದ್ರಲ್ಲ" ಎಂದು ಮೇಡಂ ಟ್ರೇ ಎಳೆದುಕೊಂಡರು. ನಾಗ ಕೈ ಅಡ್ಡ ಇಟ್ಟ. "ಮೂರು ಸಲ ಕೇಳ್ಬೇಕು ಮೇಡಂ. ಅಕ್ಕನದೇ ರೂಲು."

ಇವರು ಹಣೆ ಹಣೆ ಚಚ್ಚಿಕೊಂಡರು. ನಾಗ ನನ್ನ ಮೇಲೆ ಬಗ್ಗಿ, ಶಾಪಿನಲ್ಲಿ ಕೂಗುವ ಧ್ವನಿಯಲ್ಲೇ ಕೂಗಿದ. "ಗಂಗಕ್ಕಾ! ಬೀಗ ತೆಗೀತೀಯಾ?" ಇಡೀ ಐಸಿಯು ತಿರುಗಿ ನೋಡಿರಬೇಕು. ನಾನು ಮತ್ತೆ ಮೇಲೆ ನೋಡಿದೆ. ಅಷ್ಟರಲ್ಲಿ ತಲೆಯೊಳಗೆ ಹೊಗೆ ತುಂಬಿದ ಹಾಗಾಯಿತು. ಎಲ್ಲ ದೂರ ಹೋಗತೊಡಗಿತು. ಅವನು ಮೂರನೆಯ ಸಲ ಬಾಯಿ ತೆರೆದದ್ದು ಕಂಡಿತು, ಮಾತು ಕೇಳಲಿಲ್ಲ. ಆಮೇಲೆ ಏನೂ ನೆನಪಿಲ್ಲ. ಮೂರನೆಯ ಸಲವೂ ಹೂಂ ಅಂದಿರಬೇಕು ಎಂದುಕೊಂಡೆ, ಯಾಕೆಂದರೆ ಎಚ್ಚರವಾದಾಗ ಗಂಟಲಲ್ಲಿ ಕೊಳವೆ ಇತ್ತು. ನಾಗ, "ಮೂರೂ ಸಲ ಊಂ ಅಂದ್ಲು, ಆಕಿ ಮೇಡಂ" ಎಂದನಂತೆ. ಇವರು ಆಮೇಲೆ ಹೇಳಿದರು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಬೇಕಿತ್ತು. ಬೇಕು ಎಂದು ಬೇಡಿದ್ದು ಸಿಕ್ಕಿತಲ್ಲ. ಆದರೆ ನಿಜ ಹೇಳುತ್ತೇನೆ, ಆಮೇಲಿನ ವಾರಗಳಲ್ಲಿ ನಾನು ಸಾಯಬೇಕೆಂದು ಕೇಳಿಕೊಂಡೆ. ಆ ಯಂತ್ರ ತನ್ನ ಲೆಕ್ಕಕ್ಕೆ ಗಾಳಿ ತುಂಬುತ್ತದೆ, ನಮ್ಮ ಲೆಕ್ಕಕ್ಕಲ್ಲ. ಕಫ ಎಳೆಯಲು ಕೊಳವೆಯೊಳಗೆ ಇನ್ನೊಂದು ಕೊಳವೆ ಇಳಿಸಿದಾಗ ಜೀವ ಬಾಯಿಗೆ ಬರುತ್ತಿತ್ತು. ಕೆಲವು ದಿನಗಳಾದ ಮೇಲೆ ಕುತ್ತಿಗೆಗೆ ತೂತು ಮಾಡಿ ಕೊಳವೆಯನ್ನು ಅಲ್ಲಿಗೆ ಸಾಗಿಸಿದರು. ಪಕ್ಕದ ಮಂಚದವರು ಬದಲಾಗುತ್ತಿದ್ದರು, ಕೆಲವರು ನಡೆದು ಹೋದರು, ಕೆಲವರ ಮುಖದ ಮೇಲೆ ಬಟ್ಟೆ ಎಳೆದು ತಳ್ಳಿಕೊಂಡು ಹೋದರು. ನಾನು ಇಬ್ಬರನ್ನೂ ಕಂಡು ಹೊಟ್ಟೆಕಿಚ್ಚು ಪಟ್ಟೆ.

ನನಗೆ ಉಳಿದಿದ್ದ ಮಾತು ಎರಡೇ. ಮೇಲೆ, ಕೆಳಗೆ. ನಾಗ ಬಂದಾಗಲೆಲ್ಲ ಕೆಳಗೆ ನೋಡಿದೆ. ಬೇಡ. ತೆಗೆಸು. ಬೇಡ. ಅವನಿಗೆ ಅರ್ಥವಾಗುತ್ತಿತ್ತು, ಅದು ಅವನ ಮುಖದಲ್ಲಿ ಕಾಣುತ್ತಿತ್ತು. ತುಟಿ ಕಚ್ಚಿಕೊಂಡು ನಿಂತು ಹೊರಟುಬಿಡುತ್ತಿದ್ದ. ಕೊನೆಗೆ ಬರುವುದನ್ನೇ ನಿಲ್ಲಿಸಿದ. ಬೆಳೆಸಿದ ಕೈ ಅಲ್ಲಾಡದೆ ಬಿದ್ದಾಗ ನೋಡಲು ಬಾರದವನು ಎಂಥ ತಮ್ಮ ಎಂದು ನಾನು ಒಳಗೇ ಅವನಿಗೆ ಶಾಪ ಹಾಕಿದೆ.

ಮೇಡಂ ಮಾತ್ರ ಕೇಳುವುದನ್ನು ಬಿಡಲಿಲ್ಲ. ನಾನು ಕೆಳಗೆ ನೋಡಿದರೆ, "ಗೊತ್ತು ಅಮ್ಮ. ಇವತ್ತು ಬೇಡ ಅನ್ನಿಸ್ತಿದೆ. ಮೊದಲು ನೋವು ಕಡಿಮೆ ಮಾಡ್ತೀನಿ, ನಿದ್ದೆ ಬರಿಸ್ತೀನಿ. ಆಮೇಲೆ ಮತ್ತೆ ಕೇಳ್ತೀನಿ" ಎನ್ನುತ್ತಿದ್ದರು. ಹೇಳಿದ ಹಾಗೆ ಮತ್ತೆ ಕೇಳುತ್ತಿದ್ದರು. ನನ್ನನ್ನು ಕೇಳುತ್ತಾರೆ ಎಂಬುದೊಂದೇ ನಾನಿನ್ನೂ ಮನುಷ್ಯಳು ಎನ್ನುವುದಕ್ಕೆ ಗುರುತಾಗಿತ್ತು. ಇನ್ನೊಬ್ಬಳಿದ್ದಳು, ರಾಯಚೂರು ಕಡೆಯ ಆಯಾ. ನೆಲ ಒರೆಸಲು ಬಂದವಳು ಒಮ್ಮೆ ನನ್ನ ಮುಖವನ್ನೇ ನೋಡಿ, "ಅಕ್ಕಾರ, ಮೂಗು ಕೆರೀಲೇನ್ರಿ?" ಎಂದಳು. ನಾನು ಮೇಲೆ ನೋಡಿದೆ. ಕೈ ತೊಳೆದುಕೊಂಡು ಬಂದು ಕೆರೆದಳು. ಆ ಸುಖವನ್ನು ಯಾವ ಬಾಯಲ್ಲಿ ಹೇಳಲಿ? ಅವತ್ತು ಇಡೀ ದಿನ ಸಾಯುವ ವಿಚಾರ ಬರಲಿಲ್ಲ.

ಏರಿದ ದಾರಿಯಲ್ಲೇ ಕಾಯಿಲೆ ಇಳಿಯಿತು. ಮೊದಲು ಹುಬ್ಬು ಅಲ್ಲಾಡಿತು. ಆಮೇಲೆ ಭುಜ. ಯಂತ್ರವನ್ನು ಸ್ವಲ್ಪ ಸ್ವಲ್ಪವೇ ಬಿಡಿಸಿದರು, ಹಾಲು ಬಿಡಿಸಿದ ಕೂಸಿನ ಹಾಗೆ ನಾನು ಹೆದರಿದೆ, ಬೇಡವೆಂದಿದ್ದ ಯಂತ್ರಕ್ಕೇ ಜೋತುಬಿದ್ದೆ. ಕುತ್ತಿಗೆಯ ತೂತು ಮುಚ್ಚಿದ ಮೇಲೆ ನಾನು ಆಡಿದ ಮೊದಲ ಮಾತು "ನಾಗ ಎಲ್ಲಿ?" ಇವರು ಬೇರೆ ಕಡೆ ನೋಡುತ್ತಾ, "ಬರ್ತಾನೆ, ಡ್ಯೂಟಿ ಇರುತ್ತೆ" ಎಂದರು.

ಮನೆಗೆ ಬಂದೆ. ಪಾದ ಎತ್ತಿ ಹಿಡಿಯಲು ಪ್ಲಾಸ್ಟಿಕ್ ಪಟ್ಟಿ, ಕೈಗೆ ವಾಕರ್. ಶಾಪಿನ ಕೆಲಸಕ್ಕೆ ಹೋಗುವ ಹಾಗಿಲ್ಲ. ಬೆರಳು ಇನ್ನೂ ಗುಂಡಿ ಹಾಕಲು ಒಲ್ಲೆನ್ನುತ್ತದೆ. ನಾಗ ಬರುತ್ತಿದ್ದ, ಹಣ್ಣು ಇಟ್ಟು, ನಿಂತ ಕಾಲಲ್ಲೇ ಹೋಗುತ್ತಿದ್ದ. ನನ್ನ ಕಣ್ಣನ್ನು ನೋಡುತ್ತಿರಲಿಲ್ಲ.

ತಪಾಸಣೆಗೆ ಹೋದಾಗ ಮೇಡಂ ಪತ್ರದ ಮಾತೆತ್ತಿದರು. "ಅಮ್ಮ, ಅದನ್ನ ಹಾಗೇ ಬಿಟ್ಟಿದೀರಾ? ಬದಲಾಯಿಸ್ಬಹುದು. ಯಾವಾಗ ಬೇಕಾದ್ರೂ." ನನಗೆ ಅದು ತಿಳಿದೇ ಇರಲಿಲ್ಲ. ಮೊಹರು ಬಿದ್ದ ಮೇಲೆ ಮುಗಿಯಿತು ಎಂದುಕೊಂಡಿದ್ದೆ. "ಬರೆದಾಗ ಹೇಗೆ ಸಾಕ್ಷಿ, ನೋಟರಿ ಮಾಡಿಸಿದ್ರೋ ಹಾಗೇ ಹೊಸದು ಮಾಡ್ಸಿ, ಹಳೇದು ರದ್ದು ಅಂತ ಬರೆಸಿ. ಹಳೇದು ಯಾರ್ ಯಾರ ಹತ್ರ ಇದೆಯೋ ವಾಪಸ್ ಇಸ್ಕೊಳಿ" ಎಂದರು.

ಇವರ ವ್ಯಾನಿನಲ್ಲೇ ನೋಟರಿ ಹತ್ತಿರ ಹೋದೆವು. ನಾಗನನ್ನೂ ಬಲವಂತವಾಗಿ ಕರೆಸಿಕೊಂಡೆ, ಹಳೆಯ ಪತ್ರ ಅವನ ಹತ್ತಿರವೇ ಇತ್ತು. ಅದೇ ಹುಡುಗಿ. ನನ್ನ ವಾಕರ್ ನೋಡಿ ಏನೂ ಅನ್ನದೆ ಕುರ್ಚಿ ಹಾಕಿದಳು. ನಾನು ಹೇಳಿದೆ, ಅವಳು ಟೈಪ್ ಹೊಡೆದಳು. ಗುಣವಾಗುವ ಆಸೆ ಇದ್ದರೆ ಯಂತ್ರ ಹಾಕಿ ನೋಡಲಿ. ಆಸೆ ಇಲ್ಲ ಎಂದಾದರೆ ಹಾಕುವುದು ಬೇಡ, ಹಾಕಿದ್ದರೆ ತೆಗೆಯಲಿ, ಕೈ ಕಟ್ಟುವುದು ಬೇಡ, ನೋವಿಗೆ ಮದ್ದು ಕೊಡಲಿ. ನನಗೆ ಎಚ್ಚರವಿದ್ದರೆ ಪತ್ರ ಪಕ್ಕಕ್ಕಿಟ್ಟು ನನ್ನನ್ನೇ ಕೇಳಲಿ.

"ನಿಮ್ಮ ಪರವಾಗಿ ಹೇಳೋರು? ಅದೇ ಹೆಸರಾ ಮೇಡಂ?"

"ಅದೇ. ನಾಗರಾಜ."

"ಬ್ಯಾಡ" ಎಂದ ನಾಗ. "ಭಾವನ ಎಸ್ರು ಆಕ್ಸು. ನಂದು ಬ್ಯಾಡ." ಎದ್ದು ಆಚೆ ಹೋದ.

ವಾಕರ್ ತಳ್ಳಿಕೊಂಡು ನಾನೂ ಹಿಂದೆ ಹೋದೆ. ಎದುರಿನ ಟೀ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ. ಬಿಸಿಲು ಚುರುಗುಟ್ಟುತ್ತಿತ್ತು, ರಸ್ತೆಯಲ್ಲಿ ತಗಡಿನ ಸುರುಳಿ ಹೊತ್ತ ಲಾರಿಗಳು.

"ಏನೋ ನಿಂದು? ಆಸ್ಪತ್ರೆಗೆ ಬರೋದು ಬಿಟ್ಟೆ. ಮನೆಗೆ ಬಂದ್ರೆ ಮುಖ ನೋಡಲ್ಲ. ಏನ್ ಮಾಡಿದೀನಿ ನಾನು ನಿಂಗೆ?"

ಅವನು ರಸ್ತೆಯ ಕಡೆ ಮುಖ ತಿರುಗಿಸಿದ. ಆಮೇಲೆ ಬೆರಳಿಲ್ಲದ ಕೈಯಿಂದ ಮೂಗು ಒರೆಸಿಕೊಂಡ.

"ನೀನು ಮೂರನೇ ಸಲ ಊಂ ಅನ್ಲಿಲ್ಲ ಅಕ್ಕ."

ನಾನು ವಾಕರನ್ನು ಅವನ ಹತ್ತಿರಕ್ಕೆ ತಳ್ಳಿದೆ.

"ಎಲ್ರಿಗೂ ಸುಳ್ಳೇಳ್ದೆ. ಮೂರನೇ ಸಲ ಕೂಗ್ದಾಗ ನಿನ್ ಕಣ್ಣು ಕೆಳಗೋಯ್ತು. ಕೆಳಗೆ ಅಂದ್ರೆ ಬ್ಯಾಡ ಅಂತ. ನಾನು ಕಣ್ಣಾರೆ ಕಂಡೆ. ಆದ್ರೂ ಆಕಿ ಅಂದ್ಬಿಟ್ಟೆ. ನನ್ ಚೀಟಿ ತೆಗ್ದೋನ್ಗೆ ಎಷ್ಟು ವರ್ಸ ಶಾಪ ಆಕಿದೀನಿ. ಅವ್ನ್ ಮಾಡಿದ್ದೇ ನಾನೂ ಮಾಡ್ದೆ. ಆಮ್ಯಾಕೆ ನಿನ್ನ ನೋಡಕ್ ಬಂದಾಗೆಲ್ಲ ನೀನು ಕೆಳೀಕೇ ನೋಡ್ತಿದ್ದೆ. ಯಾಕೋ ತೆಗ್ದೆ, ಯಾಕೋ ತೆಗ್ದೆ ಅಂತ. ಎಂಗ್ ಬರ್ಲಿ ನಾನು?"

ಗಟ್ಟಿಯಾಗಿ ಅತ್ತ. ಟೀ ಅಂಗಡಿಯವರು ಸಕ್ಕರೆ ಡಬ್ಬಿ ಹಿಡಿದುಕೊಂಡೇ ನಿಂತುಬಿಟ್ಟರು. ನಾನು ಒಳಗೆ ಮಲಗಿ ಇವನಿಗೆ ಶಾಪ ಹಾಕುತ್ತಿದ್ದಾಗ, ಇವನು ಹೊರಗೆ ತನಗೆ ತಾನೇ ಹಾಕಿಕೊಳ್ಳುತ್ತಿದ್ದ.

ಅವನಿಗೆ ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಮಾಡಲಿಲ್ಲ. "ಆಮೇಲೆ ಕೆಳಗೆ ನೋಡಿದ್ನಲ್ಲ, ಅದು ನಿಜ ಕಣೋ. ಸಾಯ್ಬೇಕು ಅಂತ್ಲೇ ನೋಡಿದ್ದು. ಆದ್ರೆ ಅವತ್ತು ಎರಡ್ಸಲ ಮೇಲೆ ನೋಡಿದ್ದೂ ನಿಜ. ಮೂರನೇದು ನಂಗೆ ಗೊತ್ತಿಲ್ಲ. ನೀನು ಕೂಗಿದ್ದು ಕೇಳಿಸ್ಲೇ ಇಲ್ಲ. ಅಷ್ಟೊತ್ತಿಗೆ ನಾನು ಅಲ್ಲಿರ್ಲಿಲ್ಲ."

"ಕೇಳುಸ್ಲಿಲ್ವಾ?"

"ಇಲ್ಲ. ಅದಕ್ಕೇ ಈಗ ಕೇಳು. ಮೂರನೇದು ಬಾಕಿ ಐತೆ."

"ಇಲ್ಲೇನಾ?"

"ಇಲ್ಲೇ. ಶಾಪಲ್ಲಿ ಕೂಗೋ ಹಾಗೆ ಕೂಗು. ಲಾರಿ ಸದ್ದಿದೆ."

ಅವನು ಎದ್ದು ನಿಂತ. ಗಂಟಲು ಸರಿಮಾಡಿಕೊಂಡು ಕೂಗಿದ. "ಗಂಗಕ್ಕಾ! ಬೀಗ ತೆಗೀತೀಯಾ?"

ನನಗೆ ಈಗ ಬಾಯಿ ಬಂದಿತ್ತು, ಹೂಂ ಎನ್ನಬಹುದಿತ್ತು. ಆದರೆ ವಾಕರನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಅವನ ಮುಖವನ್ನು ಒಮ್ಮೆ ನೋಡಿ, ಕಣ್ಣು ಮೇಲೆ ಮಾಡಿದೆ. ಅವನು ಸಾಕು ಎನ್ನುವವರೆಗೂ ಇಳಿಸಲಿಲ್ಲ.

ಆಮೇಲೆ ಇಬ್ಬರೂ ಒಳಗೆ ಹೋಗಿ ಅವನ ಹೆಸರು ಬರೆಸಿದೆವು.